ಕರೆಂಟಿಲ್ಲದ ದಿನದ ರೆಫರಿ

ನಮ್ಮ ಡ್ರಿಲ್ ಮೇಷ್ಟರ ಕತ್ತಿನ ಸುತ್ತ ಒಂದು ಬಿಳಿ ಗೆರೆಯಿತ್ತು. ಮೂವತ್ತೈದು ವರ್ಷ ಶಾಲೆಯ ಮೈದಾನದಲ್ಲಿ ನಿಂತು ನಿಂತು ಮೈಯೆಲ್ಲ ರಾಗಿಮುದ್ದೆಯ ಬಣ್ಣಕ್ಕೆ ತಿರುಗಿತ್ತು; ವಿಶಲ್ಲಿನ ದಾರ ಕೂರುತ್ತಿದ್ದ ಜಾಗ ಮಾತ್ರ ಹುಟ್ಟಿದಾಗಿನ ಬಣ್ಣದಲ್ಲೇ ಉಳಿದುಕೊಂಡಿತ್ತು. ಸ್ನಾನಕ್ಕೆಂದು ದಾರ ತೆಗೆದು ಗೂಟಕ್ಕೆ ಹಾಕಿದಾಗ ನೋಡಬೇಕು, ವಾಲಿಬಾಲ್ ಅಂಗಳಕ್ಕೆ ಸುಣ್ಣ ಎಳೆದ ಹಾಗೆ ಕಾಣುತ್ತಿತ್ತು. ನಿವೃತ್ತರಾದ ಮೇಲೂ ಅವರು ವಿಶಲ್ ಬಿಡಲಿಲ್ಲ. ಮದುವೆಗೆ ಹೋದರೆ ಅಂಗಿಯ ಒಳಗೆ, ಸಾವಿಗೆ ಹೋದರೆ ಜೇಬಿನೊಳಗೆ, ಉಳಿದ ದಿನ ಎದೆಯ ಮೇಲೆ. ಎಲ್ಲಿ ಯಾವಾಗ ಫೌಲ್ ಆಗುತ್ತದೋ ಯಾರಿಗೆ ಗೊತ್ತು ಎನ್ನುವುದು ಅವರ ಸಿದ್ಧಾಂತ.

ನಾನು ಅವರ ಶಿಷ್ಯ. ತಮಿಳುನಾಡಿನ ಗಡಿಯೊಳಗಿನ ಕೆಲಮಂಗಲದಲ್ಲಿ ಪತ್ರ ಬರೆಯುವುದು ನನ್ನ ಕಸುಬು. ಹೊಲ, ಸೈಟು, ಅಣ್ಣತಮ್ಮಂದಿರ ಪಾಲು ಇವನ್ನೆಲ್ಲ ಪೂರ್ವಕ್ಕೆ ಓಣಿ, ಪಶ್ಚಿಮಕ್ಕೆ ಇಂಥವರ ಹಿತ್ತಿಲು ಎಂದು ಚೆಕ್ಕುಬಂದಿ ಹಾಕಿ ನೋಂದಣಿಗೆ ಸಿದ್ಧ ಮಾಡಿಕೊಡುತ್ತೇನೆ. ಬರೆಯುವುದು ತಮಿಳಿನಲ್ಲಿ; ಬೈಸಿಕೊಳ್ಳುವುದು ಕನ್ನಡ, ತೆಲುಗು ಎರಡರಲ್ಲೂ. ಗೆರೆಯ ವಿಷಯದಲ್ಲಿ ನನಗೆ ಸ್ವಲ್ಪ ತಿಳಿವಳಿಕೆ ಇದ್ದರೆ ಅದು ಮೇಷ್ಟರ ಕೊಡುಗೆ. ಒಂಬತ್ತನೇ ತರಗತಿಯಲ್ಲಿದ್ದಾಗ ಹೊಸೂರಿನ ಶಾಲೆಯ ಮೇಲೆ ವಾಲಿಬಾಲ್ ಪಂದ್ಯ, ರೆಫರಿ ಮೇಷ್ಟರೇ. ಕೊನೆಯ ಪಾಯಿಂಟು. ನಾನು ಹೊಡೆದ ಚೆಂಡು ಅವರ ಅಂಗಳದೊಳಗೆ ಬಿತ್ತು, ನಮ್ಮವರೆಲ್ಲ ಕೂಗಿಕೊಂಡರು. ಆದರೆ ನನ್ನ ಬೆರಳ ತುದಿ ನೆಟ್ಟಿಗೆ ತಾಕಿದ್ದು ನನಗೂ ಮೇಷ್ಟರಿಗೂ ಬಿಟ್ಟರೆ ಇನ್ನಾರಿಗೂ ಗೊತ್ತಿರಲಿಲ್ಲ. ಅವರು ನಮ್ಮ ಶಾಲೆಯ ಮೇಷ್ಟರು, ನಮ್ಮ ಊರಿನ ಅನ್ನ ತಿಂದವರು, ಆದರೂ ವಿಶಲ್ ಊದಿ ಪಾಯಿಂಟನ್ನು ಎದುರಾಳಿಗೆ ಕೊಟ್ಟರು. ಹೆಡ್ ಮೇಷ್ಟರು ಒಂದು ತಿಂಗಳು ಅವರೊಡನೆ ಮಾತಾಡಲಿಲ್ಲ. ನಾನು ಅಳುತ್ತಾ ಕೂತಿದ್ದಾಗ ಬಂದು, "ಗೆರೆ ಎಳ್ದೋರು ನಾವೇ ಕಣ್ಲಾ. ನಾವೇ ತುಳಿದ್ರೆ ಇನ್ಯಾವನು ಮರ್ವಾದೆ ಕೊಡ್ತಾನೆ?" ಎಂದು ಹೇಳಿ, ಸಮಾಧಾನಕ್ಕೆ ಮೈದಾನದ ಸುತ್ತ ಎರಡು ಸುತ್ತು ಓಡಿಸಿದರು.

ಇಂಥವರು ಧರ್ಮಶಾಸ್ತ್ರಕ್ಕೆ ಕೈ ಹಾಕಿದ್ದು ಹೇಗೆಂದರೆ, ಊರಲ್ಲಿ ಇಬ್ಬರು ವಾದಿಗಳಿದ್ದರು. ಒಬ್ಬರು ಹಾಸಿಗೆ ಅಂಗಡಿಯ ಸಾಹೇಬರು. ಹತ್ತಿ ಹಿಂಜುವ ಮೆಷಿನ್ನು ಇಟ್ಟುಕೊಂಡು ಹಾಸಿಗೆ ದಿಂಬು ಹೊಲಿಯುವವರು. ಹುಬ್ಬಿನ ಮೇಲೆ ಸದಾ ಒಂದೆಳೆ ಹತ್ತಿ. ಇನ್ನೊಬ್ಬರು ಉಪದೇಶಿ. ವಾರವೆಲ್ಲ ಸುಟ್ಟುಹೋದ ಬೋರ್‌ವೆಲ್ ಮೋಟಾರುಗಳಿಗೆ ತಂತಿ ಸುತ್ತುವರು, ಭಾನುವಾರ ತಳಿ ಊರಿಗೆ ಹೋಗುವ ರಸ್ತೆಯ ಹಳ್ಳಿಯೊಂದರ ಸಣ್ಣ ಪ್ರಾರ್ಥನೆ ಮನೆಯಲ್ಲಿ ಬೋಧನೆ ಮಾಡುವರು. ಇಬ್ಬರ ಅಂಗಡಿಗೂ ನಡುವೆ ಒಂದೇ ಗೋಡೆ. ಇಪ್ಪತ್ತು ವರ್ಷದಿಂದ ಒಂದೇ ತಕರಾರು: ಏಸು ದೇವರ ಮಗನೋ, ದೇವರು ಕಳಿಸಿದ ಪ್ರವಾದಿಯೋ? ಮಿಕ್ಕೆಲ್ಲದರಲ್ಲೂ ಇಬ್ಬರದೂ ಒಂದೇ ಅಭಿಪ್ರಾಯ: ಸಿನಿಮಾ ಕೆಟ್ಟಿದೆ, ಹುಡುಗರು ಕೆಟ್ಟಿದ್ದಾರೆ, ನನ್ನಂಥ ವಿಗ್ರಹ ಪೂಜೆಯವನಿಗೆ ಮುಂದೆ ಕಷ್ಟವಿದೆ. ಕೊನೆಯದನ್ನು ಮಾತ್ರ ಬಹಳ ವಿನಯದಿಂದ, ಟೀ ಕೊಡಿಸಿ ಹೇಳುತ್ತಿದ್ದರು.

"ಸಾಬ್ರೇ, ನಿಮ್ ಕಿತಾಬು ನಮ್ ಪುಸ್ತಕ ಬಂದು ಎಷ್ಟೋ ವರ್ಸ ಆದ್ಮೇಲೆ ಬಂದಿದ್ದು. ಆಮೇಲ್ ಬಂದದ್ದು ಮೊದ್ಲಿಂದನ್ನ ತಿದ್ದದಾ?"

"ಯಾಕ್ ತಿದ್ದಲ್ಲ? ಕಂಪ್ನಿಯೋರು ಮೊದ್ಲು ಸುತ್ತಿದ ಮೋಟ್ರು ಸುಟ್ಟೋದ್ಮೇಲೆ ತಾನೇ ನಿನ್ ಹತ್ರ ಬರೋದು? ಈಗ ಓಡೋದು ಯಾರ್ ಸುತ್ತಿದ್ದು?"

"ಕಂಪ್ನಿಯೋರು ಎಷ್ಟು ಸುತ್ತು ಹಾಕವ್ರೆ ಅಂತ ಎಣಿಸ್ಕೊಂಡೇ ನಾನು ಸುತ್ತೋದು ಸಾಬ್ರೇ!"

ಟೀ ಅಂಗಡಿಯವರು ನಗುತ್ತಿದ್ದರು, ಇವರೂ ನಗುತ್ತಿದ್ದರು. ಆದರೆ ಈಚಿನ ವರ್ಷಗಳಲ್ಲಿ ನಗುವವರು ಕಡಿಮೆಯಾಗಿ, ಹಿಂದೆ ನಿಂತು ಎದೆ ಮೇಲೆ ಕೈ ಕಟ್ಟಿಕೊಳ್ಳುವವರು ಹೆಚ್ಚಾದರು. ಒಂದು ದಿನ ಎರಡು ಕಡೆಯಿಂದಲೂ ಜನ ಸೇರಿ, ಯಾರೋ ಯಾರದೋ ಪುಸ್ತಕದ ಬಗ್ಗೆ ಏನೋ ಅಂದು, ಬೆಂಚು ಮಗುಚಿ ಟೀ ಗ್ಲಾಸು ಒಡೆಯಿತು. ಅಷ್ಟರಲ್ಲಿ ಕಿವಿ ಹರಿಯುವಂತೆ ವಿಶಲ್. ಮೇಷ್ಟರು ನಡುವೆ ನಿಂತು ಎರಡು ಕೈಯನ್ನೂ ಎತ್ತಿದ್ದರು.

"ಫೌಲ್! ಎರ್ಡೂ ಕಡೆ!"

ಶಾಲೆಯಲ್ಲಿ ಅವರ ವಿಶಲ್ಲಿಗೆ ಓಡಿದ್ದವರೇ ಅಲ್ಲಿ ಬಹುಪಾಲು. ಅಭ್ಯಾಸಬಲದಿಂದ ಎಲ್ಲರೂ ನಿಂತುಬಿಟ್ಟರು.

ಅಂದು ಸಂಜೆಯೇ ಮೇಷ್ಟರು ಬಂದು ನನ್ನ ಮೇಜಿನೆದುರು ಕೂತರು. "ಬರ್ಕೊ. ಛಾಪಾ ಕಾಗ್ದದ್ ಮ್ಯಾಲೆ."

"ವಾದ ಮಾಡೋಕೆ ಛಾಪಾ ಕಾಗ್ದ ಯಾಕ್ ಸಾ?"

"ಬರೀ ಹಾಳೆ ಮ್ಯಾಲೆ ಬರುದ್ರೆ ಬೋಂಡಾ ಕಟ್ತಾರೆ ಕಣ್ಲಾ."

ಹೀಗೆ, ನನ್ನ ಅಲ್ಪ ಅನುಭವದಲ್ಲಿ ಚೆಕ್ಕುಬಂದಿಯೇ ಇಲ್ಲದ ಆಸ್ತಿಯ ಬಗ್ಗೆ ಮೊಟ್ಟಮೊದಲ ಪತ್ರ ತಯಾರಾಯಿತು. ಸ್ಥಳ, ರಾಗಿ ಬೀಸುವ ಗಿರಣಿ. ಕಾಲ, ಶಟ್‌ಡೌನ್ ದಿನ. ನಮ್ಮ ಕಡೆ ತಿಂಗಳಿಗೊಂದು ಸಲ ರಿಪೇರಿಗೆಂದು ಬೆಳಿಗ್ಗೆಯಿಂದ ಸಂಜೆವರೆಗೆ ಕರೆಂಟು ತೆಗೆಯುತ್ತಾರೆ. ಅಂದು ಗಿರಣಿ ಓಡದು, ಹತ್ತಿ ಮೆಷಿನ್ನು ತಿರುಗದು, ಸುತ್ತಿದ ಮೋಟಾರನ್ನು ಪರೀಕ್ಷೆ ಮಾಡಲಾಗದು, ನೋಂದಣಿ ಕಚೇರಿಯ ಕಂಪ್ಯೂಟರು ಏಳದು. ಅಂದರೆ ವಾದಿ, ಪ್ರತಿವಾದಿ, ಬರಹಗಾರ ಮೂವರಿಗೂ ಬಿಡುವು. ಮೇಲಾಗಿ ಮೈಕು ಕೂಡ ಇಲ್ಲ. "ಮೈಕು ಬಂದ್ರೆ ದೇವ್ರು ಓಗ್ತಾನೆ" ಎಂದು ಮೇಷ್ಟರು ಗಂಭೀರವಾಗಿ ಹೇಳಿದರು.

ಮಿಕ್ಕ ನಿಯಮಗಳೂ ಅವರದೇ. ಎದುರಿನವರ ಗ್ರಂಥದಿಂದ ಒಂದು ವಾಕ್ಯ ಎತ್ತಿದರೆ ಅದರ ಹಿಂದಿನ ಎರಡು, ಮುಂದಿನ ಎರಡು ವಾಕ್ಯ ಓದತಕ್ಕದ್ದು. ಫೋನುಗಳನ್ನೆಲ್ಲ ಬಾಗಿಲಲ್ಲಿರುವ ಹಿಟ್ಟಿನ ಡಬ್ಬಕ್ಕೆ ಹಾಕತಕ್ಕದ್ದು. ಗೆದ್ದವರು ಸೋತವರು ಎಂದು ಯಾರೂ ಹೇಳಕೂಡದು. ಐದು ನಿಮಿಷಕ್ಕೊಮ್ಮೆ ವಿಶಲ್. ಪ್ರತಿ ಸುತ್ತಿಗೂ ಜಾಗ ಬದಲು, ಕಿಟಕಿಯ ಬಿಸಿಲು ಒಬ್ಬರ ಕಣ್ಣಿಗೇ ಹೊಡೆಯಬಾರದು. ಎರಡು ಗ್ರಂಥಗಳೂ ಒಂದೇ ಎತ್ತರದಲ್ಲಿರತಕ್ಕದ್ದು. ಈ ಕೊನೆಯದಕ್ಕೆ ಅರ್ಧ ದಿನ ಹಿಡಿಯಿತು. ಸಾಹೇಬರ ಗ್ರಂಥಕ್ಕೆ ಮರದ ಪೀಠವಿತ್ತು, ಉಪದೇಶಿಯದಕ್ಕೆ ಇರಲಿಲ್ಲ. ರಾಗಿ ಅಳೆಯುವ ಬಳ್ಳವನ್ನು ಬೋರಲು ಹಾಕಿ, ಮೇಲೊಂದು ಶುಭ್ರವಾದ ಟವಲು ಮಡಿಸಿ ಇಟ್ಟು, ಮೇಷ್ಟರು ನೆಟ್ಟಿನ ಎತ್ತರ ಅಳೆಯುವ ಟೇಪಿನಿಂದ ಎರಡನ್ನೂ ಅಳೆದರು. ಟವಲಿನ ಒಂದು ಮಡಿಕೆ ತೆಗೆಸಿದರು. ಮತ್ತೆ ಅಳೆದರು. ಆಮೇಲೆ ಇಬ್ಬರೂ ಬಗ್ಗಿ ನೋಡಿ ಒಪ್ಪಿದರು.

ಎಲ್ಲಕ್ಕಿಂತ ದೊಡ್ಡ ನಿಯಮ ಒಂದಿತ್ತು. ತನ್ನ ವಾದ ಹೇಳುವ ಮೊದಲು ಐದು ನಿಮಿಷ ಎದುರಾಳಿಯ ವಾದವನ್ನು ಹೇಳಬೇಕು. ಅವರು "ಹೌದು, ನಾನು ಹೇಳೋದು ಇದೇ" ಎಂದು ಒಪ್ಪಬೇಕು. ಅಲ್ಲಿಯವರೆಗೆ ತನ್ನದು ಬಾಯಿಬಿಡುವ ಹಾಗಿಲ್ಲ.

"ಮೇಷ್ಟ್ರೆ, 'ಸಾಹೇಬ್ರು ಹಿಂಗಂತಾರೆ' ಅಂತ ಶುರು ಮಾಡ್ಲಾ?" ಎಂದು ಉಪದೇಶಿ ಕೇಳಿದರು.

"ಬ್ಯಾಡ. ಹಿಂಗಂತಾರೆ ಅಂದೇಟ್ಗೆ ನಿಮ್ ತುಟಿ ಸೊಟ್ಟಗಾಯ್ತದೆ. ಅವ್ರ್ ಜಾಗದಾಗೆ ನಿಂತ್ಕೊಂಡು ಹೇಳಿ. ನಿಮ್ದೇ ಅನ್ನಂಗೆ."

ನಾನು ಇದನ್ನು, ಈ ಸಲ ಕನ್ನಡದಲ್ಲಿ, ಕಾಗದಕ್ಕೆ ಇಳಿಸಿದೆ: 'ಎದುರು ಪಕ್ಷದ ಮಾತನ್ನು ತನ್ನದೇ ಮಾತೋ ಎಂಬಂತೆ, ಯಾವ ಕುಂದೂ ಬಾರದ ಹಾಗೆ, ಮನಃಪೂರ್ವಕವಾಗಿ ಹೇಳತಕ್ಕದ್ದು.' ಮನಃಪೂರ್ವಕವಾಗಿ ಎಂಬುದು ನನ್ನ ಸೇರಿಕೆ. ಕ್ರಯಪತ್ರಗಳಲ್ಲಿ ಹಾಕಿ ಹಾಕಿ ಕೈಗೆ ಬಂದ ಪದ. ವಾಕ್ಯದ ಗಾಂಭೀರ್ಯಕ್ಕೆ ನಾನೇ ಮಾರುಹೋಗಿದ್ದೆ. ಇಬ್ಬರೂ ಸಹಿ ಹಾಕಿದರು. ರೆಫರಿ ಎಂದು ಮೇಷ್ಟರು, ಬರೆದವನು ಎಂದು ನಾನು.

ಐದಾರು ತಿಂಗಳು ಎಷ್ಟು ಚೆನ್ನಾಗಿ ನಡೆಯಿತೆಂದರೆ ನನಗೇ ಭಯವಾಗುತ್ತಿತ್ತು. ಉಪವಾಸದ ಬಗ್ಗೆ ಒಂದು ಸಲ, ಸತ್ತ ಮೇಲಿನ ತೀರ್ಪಿನ ಬಗ್ಗೆ ಒಂದು ಸಲ. ಒಂದು ದಿನ ಸಾಹೇಬರು ಕ್ಷಮೆಯ ವಿಷಯದಲ್ಲಿ ಉಪದೇಶಿಯ ಮಾತನ್ನು ಎಷ್ಟು ನಿಧಾನವಾಗಿ, ಎಷ್ಟು ನ್ಯಾಯವಾಗಿ ಹೇಳಿದರೆಂದರೆ ಉಪದೇಶಿ ಟವಲಿನಿಂದ ಕಣ್ಣು ಒರೆಸಿಕೊಂಡು, "ನಮ್ ಸಭೆನಾಗೂ ಇಷ್ಟು ಚೆನ್ನಾಗ್ ಯಾರೂ ಕೇಳಿಸ್ಕೊಂಡಿಲ್ಲ ಸಾಬ್ರೇ" ಅಂದರು. ಮೇಷ್ಟರು ಸ್ಟಾಪ್‌ವಾಚ್ ನೋಡುತ್ತಾ ಕೂತಿದ್ದರು. ಶಾಲೆಯ ಸ್ವತ್ತಾಗಿದ್ದ ಆ ಉಕ್ಕಿನ ಗಡಿಯಾರವೂ ಅವರ ಜೊತೆಗೇ ನಿವೃತ್ತಿ ಹೊಂದಿತ್ತು. ಅದರ ಬಗ್ಗೆ ಯಾವ ದಾಖಲೆಯೂ ಇಲ್ಲ, ನಾನೂ ಬರೆಯುವವನಲ್ಲ.

ಇಪ್ಪತ್ತು ವರ್ಷದ ಆ ಮೂಲ ತಕರಾರನ್ನು ಮೇಷ್ಟರು ಕೊನೆಗೆ ಇಟ್ಟಿದ್ದರು, ನಿಯಮ ಪಳಗಲಿ ಎಂದು. ಅದರ ದಿನ ಬಂತು. ಗಿರಣಿಯ ತುಂಬ ಜನ. ನಾಣ್ಯ ಚಿಮ್ಮಿದರು, ಮೊದಲ ಸರದಿ ಉಪದೇಶಿಯದು. ಮೇಷ್ಟರು ಸ್ಟಾಪ್‌ವಾಚ್ ಒತ್ತಿದರು. ಮುಳ್ಳು ಅಲ್ಲಾಡಲಿಲ್ಲ. ಅಂಗೈಗೆ ಬಡಿದರು, ಕಿವಿಗೆ ಹಿಡಿದರು, ತೊಡೆಗೆ ಉಜ್ಜಿದರು. ಇಲ್ಲ.

ನಾನು ನನ್ನ ಕೈಗಡಿಯಾರ ಬಿಚ್ಚಿ ಕೊಟ್ಟೆ. ತಿರುಗಿಸಿ ನೋಡಿದರು. "ಸೆಕೆಂಡಿನ ಮುಳ್ಳೆಲ್ಲಿ?"

"ಇದಕ್ಕಿಲ್ಲ ಸಾ. ನಿಮಿಷ ಸರಿಯಾಗಿ ತೋರಿಸ್ತದೆ."

"ಒಬ್ರಿಗೆ ಅರ್ಧ ನಿಮಿಷ ಜಾಸ್ತಿ ಹೋದ್ರೆ ಯಾವನ್ಲಾ ಜವಾಬ್ದಾರಿ? ಇಕ್ಕೋ ಒಳಗೆ."

ಹಿಟ್ಟಿನ ಡಬ್ಬದಿಂದ ಮೇಲಿದ್ದ ಒಂದು ಫೋನು ತೆಗೆದು, "ಯಾರ್ದಿದು?" ಅಂದರು. ತಳಿಗೆ ಜೀಪು ಓಡಿಸುವ ಒಬ್ಬರು ಎದ್ದು ಬಂದರು. ಉಪದೇಶಿಯ ಸಭೆಯವರೇ, ಅವರ ಮೇಲೆ ಬಹಳ ಅಭಿಮಾನವಿದ್ದವರು. "ಇದ್ರಾಗೆ ಸೆಕೆಂಡು ತೋರ್ಸಯ್ಯ."

"ಆ ಗಡಿಯಾರ ಎಲ್ಲೈತೋ ನಂಗೊತ್ತಿಲ್ಲ ಸಾರ್. ವೀಡಿಯೊ ಹಿಡಿದ್ರೆ ಮ್ಯಾಲ್ಗಡೆ ಸೆಕೆಂಡು ಓಡ್ತದೆ. ಅದಾಯ್ತದಾ?"

ಮೇಷ್ಟರು ನೋಡಿದರು. ಒಂದು, ಎರಡು, ಮೂರು ಎಂದು ಅಂಕಿಗಳು ಸ್ಪಷ್ಟವಾಗಿ ಓಡುತ್ತಿದ್ದವು. ಅವರ ಮುಖದಲ್ಲಿ ಒಂದು ತೃಪ್ತಿ ಮೂಡಿತು. ಅದನ್ನು ನಾನು ಇವತ್ತಿಗೂ ಮರೆಯಲಾರೆ. "ಇದು ಸರಿ" ಅಂದರು. "ವಿಶಲ್ಗೆ ಶುರು ಮಾಡು, ವಿಶಲ್ಗೆ ನಿಲ್ಸು." ತನ್ನ ನಿಯಮವನ್ನು ತಾನೇ ಮುರಿದದ್ದು ಅವರಿಗೂ ಹೊಳೆಯಲಿಲ್ಲ, ನಿಯಮ ಬರೆದ ನನಗೂ ಹೊಳೆಯಲಿಲ್ಲ. ನಾವು ನೋಡುತ್ತಿದ್ದದ್ದು ಗಡಿಯಾರವನ್ನು.

ಉಪದೇಶಿ ಎದ್ದು ನಿಂತು ಸಾಹೇಬರ ಪಕ್ಷ ಹೇಳಿದರು. ದೇವರು ಒಬ್ಬನೇ, ಅವನಿಗೆ ಹೆಂಡತಿ ಮಕ್ಕಳೆಂಬುದಿಲ್ಲ, ಏಸು ಪವಿತ್ರರಾದ ಪ್ರವಾದಿಯೇ ಹೊರತು ದೇವರ ಮಗನಲ್ಲ ಎಂದು ಐದು ನಿಮಿಷ, ಒಂದು ಮಾತೂ ತಡವರಿಸದೆ, ನನ್ನ ಕಾಗದದಲ್ಲಿ ಹೇಳಿದಂತೆ ಮನಃಪೂರ್ವಕವಾಗಿ. ವಿಶಲ್. ಸಾಹೇಬರು ಎರಡು ಕೈಯನ್ನೂ ಎತ್ತಿದರು.

"ಬರಾಬರ್! ನಾನೇ ಹೇಳಿದ್ರೂ ಇಷ್ಟು ಚೆನ್ನಾಗ್ ಬರ್ತಿರ್ಲಿಲ್ಲ."

ಮತ್ತೆ ವಿಶಲ್. ಉಪದೇಶಿ ಐದು ನಿಮಿಷ ತಮ್ಮ ವಾದ ಹೇಳಿದರು. ವಿಶಲ್. ಇನ್ನು ಸಾಹೇಬರ ಸರದಿ. ಅವರು ಗಂಟಲು ಸರಿಮಾಡಿಕೊಂಡು ಎದ್ದರು, ಅಷ್ಟರಲ್ಲಿ ಗಿರಣಿಯ ಬಲ್ಬು ಹೊತ್ತಿಕೊಂಡಿತು, ಸ್ವಿಚ್ಚು ಆರಿಸದೆ ಬಿಟ್ಟಿದ್ದ ಬೀಸುವ ಕಲ್ಲು ಭೋರೆಂದು ತಿರುಗಿತು. ನಮ್ಮ ಕಡೆಯ ಚರಿತ್ರೆಯಲ್ಲೇ ಮೊದಲ ಬಾರಿಗೆ ಕರೆಂಟು ಹೇಳಿದ ಹೊತ್ತಿಗಿಂತ ಮುಂಚೆ ಬಂದಿತ್ತು. ಬೆಳಿಗ್ಗೆಯಿಂದ ಕಾದಿದ್ದ ಹೆಂಗಸರು ರಾಗಿ ಹೊತ್ತು ಒಳಗೆ ನುಗ್ಗಿದರು. "ಸಾಬ್ರ ಸರದಿ ಬಾಕಿ. ಮುಂದಿನ್ ತಿಂಗ್ಳು!" ಎಂದು ಮೇಷ್ಟರು ಆ ಸದ್ದಿನ ಮೇಲೆ ಕೂಗಿದರು.

ಮುಂದಿನ ತಿಂಗಳು ಬರಲಿಲ್ಲ. ಜೀಪಿನವರು ಅಭಿಮಾನದಿಂದ, ನಮ್ಮ ಉಪದೇಶಿ ಎಷ್ಟು ಚೆನ್ನಾಗಿ ಮಾತಾಡುತ್ತಾರೆ ಕೇಳಿ ಎಂದು ಬರೆದು, ಎರಡೂ ವೀಡಿಯೊಗಳನ್ನು ಸಭೆಯವರಿಗೆಲ್ಲ ಕಳಿಸಿದರು. ಮೊದಲನೆಯದು ಹೋಯಿತು. ಎರಡನೆಯದು ಹೋಗುವಷ್ಟರಲ್ಲಿ ಜೀಪು ತಳಿಯ ಏರು ಹತ್ತಿ ಸಿಗ್ನಲ್ ಹೋಗಿತ್ತು. ಅವರು ಮರುದಿನ ಇಳಿದು ಬರುವಷ್ಟರಲ್ಲಿ ಮೊದಲನೆಯದು ಡೆಂಕಣಿಕೋಟೆ ದಾಟಿತ್ತು. ಯಾರೂ ಅದನ್ನು ಕತ್ತರಿಸಿರಲಿಲ್ಲ. ಮೇಷ್ಟರ ವಿಶಲ್ಲಿಗೆ ಶುರುವಾಗಿ ಮೇಷ್ಟರ ವಿಶಲ್ಲಿಗೆ ಮುಗಿದ, ಸೆಕೆಂಡು ತಪ್ಪದ ಐದು ನಿಮಿಷ. ಒಂದು ಕಡೆಯವರು ಉಪದೇಶಿ ಸತ್ಯ ಒಪ್ಪಿಕೊಂಡರು ಎಂದು ಹಂಚಿದರು, ಇನ್ನೊಂದು ಕಡೆಯವರು ಉಪದೇಶಿ ಮಾರಿಕೊಂಡರು ಎಂದು ಹಂಚಿದರು. ಈ ಒಂದು ಕೆಲಸದಲ್ಲಿ ಎರಡು ಕಡೆಗೂ ಭೇದವಿರಲಿಲ್ಲ.

ಪ್ರಾರ್ಥನೆ ಮನೆಯ ಬೀಗದ ಕೈ ವಾಪಸು ಕೊಡುವಂತೆ ಸಭೆಯವರು ಉಪದೇಶಿಗೆ ಹೇಳಿಕಳಿಸಿದರು. ಆ ಮನೆಯ ಗೋಡೆಗೆ ಮಣ್ಣು ಹೊತ್ತವರು ಅವರು. ಹದಿನೆಂಟು ವರ್ಷ ಅದರ ಬಾಗಿಲು ತೆಗೆದವರು. ಭಾನುವಾರ ಮಧ್ಯಾಹ್ನ ಸಭೆ ಕೂಡಿತು. ಮೇಷ್ಟರು ಛಾಪಾ ಕಾಗದವನ್ನು ಚೀಲದಲ್ಲಿಟ್ಟುಕೊಂಡು ಹೊರಟರು. ಸಾಹೇಬರೂ ನಾನೂ ಜೊತೆಗೆ. ಸಾಹೇಬರು ಬಾಗಿಲಲ್ಲೇ ಚಪ್ಪಲಿ ಬಿಟ್ಟು, "ಅಮ್ಮಾ, ಅಣ್ಣಾ, ಅವ್ರು ಹೇಳಿದ್ದು ನಂದು. ಅವ್ರದಲ್ಲ. ನಾನೇ ಸಾಕ್ಷಿ" ಅಂದರು. ಜನ ಅವರ ಟೋಪಿ ನೋಡಿದರು, ಆಮೇಲೆ ಉಪದೇಶಿಯನ್ನು ನೋಡಿದರು. ಆ ಮನುಷ್ಯ ಮತ ಬಿಟ್ಟಿಲ್ಲ ಎನ್ನುವುದಕ್ಕೆ ಸಿಕ್ಕ ಅತ್ಯುತ್ತಮ ಸಾಕ್ಷಿ ಸಾಹೇಬರದು. ಅದಕ್ಕಿಂತ ಕೆಡುಕಿನ ಸಾಕ್ಷಿ ಇನ್ನೊಂದಿರಲಿಲ್ಲ.

ಮೇಷ್ಟರು ಕಾಗದ ಬಿಚ್ಚಿ ನನ್ನ ವಾಕ್ಯವನ್ನು ಗಟ್ಟಿಯಾಗಿ ಓದಿದರು. ಹೂವಿನ ತೋಟದವರಾದ ಒಬ್ಬ ಹಿರಿಯರು ಕೇಳಿದರು, "ಸಾರ್, ಈ ಕಾಗ್ದ ವೀಡಿಯೊಗಿಂತ ಮೊದ್ಲು ಬರ್ದಿದ್ದೋ, ಆಮೇಲೋ?"

"ಮೊದ್ಲೇ."

"ಅಂದ್ರೆ ಬಾಯ್ ತಪ್ಪಿ ಅಂದಿದ್ದಲ್ಲ. ಮನಃಪೂರ್ವಕವಾಗಿ ಹೇಳ್ತೀನಿ ಅಂತ ಸೈನ್ ಹಾಕೇ ಹೇಳವ್ರೆ."

ನಾನು ನೆಲ ನೋಡಿದೆ. ಜೀಪಿನವರು ಅಳುತ್ತಾ ಎರಡನೇ ವೀಡಿಯೊ ಹಾಕಿ ತೋರಿಸಿದರು. ಎಲ್ಲರೂ ಪೂರ್ತಿ ನೋಡಿದರು. ಮುಗಿದ ಮೇಲೆ ಮುಂದಿನ ಸಾಲಿನ ಮುದುಕಿಯೊಬ್ಬರು ಯಾವ ಸಿಟ್ಟೂ ಇಲ್ಲದೆ ಅಂದರು, "ಅದ್ರಾಗೆ ಇದ್ದ ಜೋರು ಇದ್ರಾಗಿಲ್ಲ ಕಣಪ್ಪಾ."

ಅದು ನಿಜ. ಎದುರಾಳಿಯ ಐದು ನಿಮಿಷವನ್ನು ಉಪದೇಶಿ ಒಂದು ತಿಂಗಳು ಅಭ್ಯಾಸ ಮಾಡಿದ್ದರು. ತಮ್ಮ ಐದು ನಿಮಿಷ ಹೇಗೂ ಎದೆಯಲ್ಲೇ ಇದೆಯಲ್ಲ ಎಂದು ಬಿಟ್ಟಿದ್ದರು.

ಮೇಷ್ಟರು ಕೊನೆಯ ಸಲ ಪ್ರಯತ್ನಿಸಿದರು. "ಸರಿ. ಅವ್ರನ್ನ ತೆಗೀರಿ, ನಾನು ಬ್ಯಾಡ ಅನ್ನಲ್ಲ. ಆದ್ರೆ ತೆಗೆಯೋಕ್ ಮುಂಚೆ ಅವ್ರು ನಂಬಿರೋದು ಏನು ಅಂತ ನೀವ್ ಒಬ್ರು ಹೇಳಿ. ಅವ್ರು ಹೂಂ ಅನ್ನಂಗೆ ಹೇಳಿ. ಐದ್ ನಿಮ್ಸ ಬ್ಯಾಡ, ಒಂದ್ ನಿಮ್ಸ."

"ನಾವ್ಯಾಕ್ ಹೇಳ್ಬೇಕು ಸಾರ್? ಅವ್ರೇ ಫೋನ್ನಾಗೆ ಹೇಳವ್ರಲ್ಲ."

ಮೇಷ್ಟರ ಕೈ ಎದೆಯ ಮೇಲಿನ ವಿಶಲ್ಲಿಗೆ ಹೋಯಿತು. ತುಟಿಯವರೆಗೆ ಎತ್ತಿದರು. ಊದಲಿಲ್ಲ. ಉಪದೇಶಿ ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಹೊರಗೆ ಬಂದರು. ಬಸ್ ಸ್ಟಾಪಿನಲ್ಲಿ ನಾಲ್ವರೂ ನಿಂತಿದ್ದೆವು. ಕೆಲಮಂಗಲದ ಬಸ್ಸು ಹತ್ತಿದೆವು. ಇಪ್ಪತ್ತು ವರ್ಷ ತೆರಪಿಲ್ಲದೆ ವಾದಿಸಿದ ಇಬ್ಬರು ಒಂದೇ ಸೀಟಿನಲ್ಲಿ ಕೂತು ಆಚೆ ಒಬ್ಬರು, ಈಚೆ ಒಬ್ಬರು ನೋಡುತ್ತಿದ್ದರು.

ಅಂದು ಮನೆಗೆ ಹೋಗಿ ಗೂಟಕ್ಕೆ ಹಾಕಿದ ವಿಶಲ್ಲನ್ನು ಮೇಷ್ಟರು ಮತ್ತೆ ಕೊರಳಿಗೆ ಹಾಕಿಕೊಳ್ಳಲಿಲ್ಲ. ಉಪದೇಶಿ ಅಂಗಡಿ ಖಾಲಿ ಮಾಡಿ ಬಾಗಲೂರಿನ ಕಡೆ ಯಾವುದೋ ವರ್ಕ್‌ಶಾಪಿನಲ್ಲಿ ಮೋಟಾರು ಸುತ್ತುವ ಕೆಲಸಕ್ಕೆ ಸೇರಿದರು. ಸಾಹೇಬರ ಪಕ್ಕದ ಅಂಗಡಿಗೆ ಮೊಬೈಲ್ ರಿಪೇರಿಯವರು ಬಂದರು. ಶಟ್‌ಡೌನ್ ದಿನ ಸಾಹೇಬರು ಅರ್ಧ ಶಟರ್ ಎಳೆದುಕೊಂಡು ಸುಮ್ಮನೆ ಕೂತಿರುತ್ತಿದ್ದರು.

ನನ್ನ ಮಟ್ಟಿಗೆ ಹೇಳುವುದಾದರೆ, ಪತ್ರಗಳಲ್ಲಿ ಮನಃಪೂರ್ವಕವಾಗಿ ಎಂಬ ಪದ ಬಿಟ್ಟಿದ್ದೇನೆ. ಬರೆದ ಮೇಲೆ ಮಾರುವವರಿಗೊಮ್ಮೆ, ಕೊಳ್ಳುವವರಿಗೊಮ್ಮೆ ಅವರವರ ಮಾತನ್ನು ಓದಿ ಹೇಳಿ, ನೀವು ಹೇಳಿದ್ದು ಇದೇ ತಾನೇ ಎಂದು ಕೇಳುತ್ತೇನೆ. ಮೇಷ್ಟರಿಂದ ಉಳಿದದ್ದು ಅದೊಂದು. "ಹೂಂ ಹೂಂ, ಬೇಗ ಮುಗ್ಸಿ ಸಾಮಿ" ಎನ್ನುತ್ತಾರೆ. ಕೇಳಿಸಿಕೊಂಡವರನ್ನು ನಾನಿನ್ನೂ ನೋಡಿಲ್ಲ.

ಮೇಷ್ಟರು ಕಾಯಿಲೆ ಬಿದ್ದಾಗ ನೋಡಲು ಹೋಗುತ್ತಿದ್ದೆ. ಆಟದ ಮಾತು, ಊರಿನ ಮಾತು. ಗಿರಣಿಯ ಮಾತು ಇಲ್ಲ. ಒಂದು ಮಧ್ಯಾಹ್ನ ಮಾತ್ರ ನನ್ನ ಮಣಿಕಟ್ಟು ಹಿಡಿದು ಗಡಿಯಾರವನ್ನೇ ಬಹಳ ಹೊತ್ತು ನೋಡಿದರು.

"ಅವತ್ತು ಇದನ್ನೇ ಈಸ್ಕೊಂಡಿದ್ರೆ ಅರ್ಧ ನಿಮ್ಸ ಎಚ್ಚುಕಮ್ಮಿ ಆಗ್ತಿತ್ತು. ಅಷ್ಟೇ ಅಲ್ವೇನ್ಲಾ?"

"ಅಷ್ಟೇ ಸಾ."

ಕೈ ಬಿಟ್ಟು ಗೋಡೆ ಕಡೆ ತಿರುಗಿಕೊಂಡರು.

ಅವರು ತೀರಿಕೊಂಡ ದಿನ ಅಂಗಳದಲ್ಲಿ ಮೈತೊಳೆಯಲು ನೀರು ಹುಯ್ದವರಲ್ಲಿ ನಾನೂ ಒಬ್ಬ. ಕತ್ತಿನ ಮೇಲೆ ನೀರು ಬಿಟ್ಟಾಗ ಗಮನಿಸಿದೆ. ಎರಡು ವರ್ಷದ ಬಿಸಿಲು ಆ ಗೆರೆಯನ್ನು ತುಂಬಿಬಿಟ್ಟಿತ್ತು. ಎಲ್ಲ ಮೈಯ ಬಣ್ಣವೇ ಕತ್ತಿಗೂ ಬಂದಿತ್ತು. ಬೆರಳಿನಿಂದ ಹುಡುಕಿದೆ, ಸಿಗಲಿಲ್ಲ.

ಉಪದೇಶಿ ಬಾಗಲೂರಿನಿಂದ ಬಂದಿದ್ದರು. ಸಾಹೇಬರು ಗೇಟಿನ ಹತ್ತಿರ ನಿಂತಿದ್ದರು. ಹೆಣ ಎತ್ತುವ ಮೊದಲು ಸಾಹೇಬರು ಮೆಲ್ಲಗೆ ಉಪದೇಶಿಯ ಪಕ್ಕಕ್ಕೆ ಬಂದರು. ಹುಬ್ಬಿನ ಮೇಲೆ ಹತ್ತಿ ಹಾಗೇ ಇತ್ತು.

"ಉಪದೇಶಿ, ನನ್ ಸರದಿ ಬಾಕಿ ಉಳ್ಕೊಂಡೈತೆ. ನಿನ್ ಮಾತು ನಾನು ಹೇಳ್ಬೇಕಿತ್ತು. ಅವತ್ತೇ ಎಲ್ಲಾ ಕಲ್ತ್ಕೊಂಡ್ ಬಂದಿದ್ದೆ."

ಉಪದೇಶಿ ಅಂಗಳದ ಕಡೆ ನೋಡಿದರು. "ಇನ್ ಟೈಮ್ ನೋಡೋರು ಯಾರವ್ರೆ ಸಾಬ್ರೇ?"

ಸಾಹೇಬರು ನನ್ನ ಕಡೆ ತಿರುಗಿದರು. ನಾನು ಗಡಿಯಾರವಿದ್ದ ಕೈಯನ್ನು ಬೆನ್ನ ಹಿಂದಕ್ಕೆ ಎಳೆದುಕೊಂಡೆ.